ಭಾವನ ಹಗ್ಗವೂ ನನ್ನ ಕರೆಂಟು ಕಾರೂ

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಏಳನೇ ಕ್ಲಾಸಿನಲ್ಲಿ, ಲೆಕ್ಕದ ಪರೀಕ್ಷೆಯ ಮಾರನೆಯ ದಿನ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಎಲೆಕ್ಟ್ರಿಕ್ ಕಾರು ತೆಗೆದುಕೊಂಡ ಮೇಲೆ ಕಳಸದ ಪೇಟೆಯಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಲೋಕಣ್ಣ, ನೀವು ಎಲ್ಲಿವರೆಗೆ ಓದಿದ್ದು?" ಅಷ್ಟು ವರ್ಷ ಜೀಪು ಓಡಿಸಿದೆ, ಆಗ ಒಬ್ಬರೂ ಕೇಳಿರಲಿಲ್ಲ. ಡೀಸೆಲ್ ಹಾಕುವುದಕ್ಕೆ ವಿದ್ಯೆ ಬೇಡ, ಕರೆಂಟು ಹಾಕುವುದಕ್ಕೆ ಬೇಕು ಎಂದು ಜನ ಯಾವಾಗ ತೀರ್ಮಾನ ಮಾಡಿಕೊಂಡರೋ ನನಗೆ ತಿಳಿಯದು.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಕೊಡಪಾನ. ಬೆಳಿಗ್ಗೆ ನನ್ನ ಹೆಂಡತಿ ಜಯಂತಿ ಅದನ್ನು ಮನೆಯೆಲ್ಲ ಹುಡುಕಿ ಕೊನೆಗೆ ಬಚ್ಚಲಿನ ಹಿಂದೆ ಕಂಡು, "ಕಾರಿಗೆ ನೀರು ಹಾಕಿ ಅಲ್ಲೇ ಬಿಟ್ಟು ಬಂದಿದೀರಲ್ಲ ಮಾರಾಯ್ರೆ" ಎಂದು ಬೈದಳು.

ಕಾರಿಗೆ ನೀರು ಹಾಕುವುದೆಂದರೆ ತೊಳೆಯುವುದಲ್ಲ. ಮನೆಯಲ್ಲಿ ಕಾರು ಚಾರ್ಜ್ ಮಾಡುವ ಕೇಬಲ್ಲಿನ ನಡುವೆ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಒಂದು ಹಸಿರು ದೀಪ, ಒಂದು ಕೆಂಪು ದೀಪ. ಮನೆಯ ಅರ್ಥಿಂಗ್ ಸರಿಯಿಲ್ಲ ಎನಿಸಿದರೆ ಡಬ್ಬಿ ಕೆಂಪು ದೀಪ ಹತ್ತಿಸಿ ಕೂತುಬಿಡುತ್ತದೆ. ಆಮೇಲೆ ನೀವು ಏನು ಬೇಡಿಕೊಂಡರೂ ಕಾರು ಒಂದು ಹನಿ ಕರೆಂಟು ಕುಡಿಯುವುದಿಲ್ಲ. ನಮ್ಮ ಮನೆಯ ಅರ್ಥಿಂಗ್ ಎಂದರೆ ಬಚ್ಚಲಿನ ಹಿಂದೆ ಕರಿಬೇವಿನ ಗಿಡದ ಬುಡದಲ್ಲಿ ಹೂತಿರುವ ಒಂದು ಕಬ್ಬಿಣದ ಪೈಪು. ನೆಲ ಹಸಿ ಇರುವಷ್ಟು ದಿನ ಅದಕ್ಕೆ ತಕರಾರಿಲ್ಲ. ಫೆಬ್ರವರಿಯಲ್ಲಿ ನೆಲ ಒಣಗಿ ಬಿರುಕು ಬಿಟ್ಟರೆ ದೀಪ ಕೆಂಪಾಗುತ್ತದೆ. ಅದಕ್ಕೆ ಮದ್ದು ಒಂದು ಕೊಡಪಾನ ನೀರು, ಒಂದು ಹಿಡಿ ಕಲ್ಲುಪ್ಪು. ದಿನಾ ಸಾಯಂಕಾಲ ನಾನು ದೀಪ ಹಚ್ಚುವವನ ಹಾಗೆ ಕೈಕಾಲು ತೊಳೆದುಕೊಂಡು, ಕೊಡಪಾನ ಹಿಡಿದು ಬಚ್ಚಲಿನ ಹಿಂದಕ್ಕೆ ಹೋಗುತ್ತೇನೆ.

ಪಕ್ಕದ ಮನೆಯ ಮೇಷ್ಟ್ರು ಬೇಲಿಯ ಆಚೆಯಿಂದ ಇದನ್ನು ನಾಲ್ಕಾರು ದಿನ ಸುಮ್ಮನೆ ನೋಡಿದರು. ಆಮೇಲೆ ಅವರಿಗೆ ತಡೆಯಲಾಗಲಿಲ್ಲ.

"ಲೋಕೇಶ, ಕಾಫಿಗೆ ನೀರು ಹೊಡೆದ್ರೆ ಹೂ ಬಿಡುತ್ತೆ. ಕಾರಿಗೆ ಹೊಡೆದ್ರೆ ಎಂತ ಬಿಡ್ತದೆ?"

"ಹೊಗೆ ಒಂದು ಬಿಡೋದಿಲ್ಲ ಮೇಷ್ಟ್ರೆ, ಉಳಿದಿದ್ದು ನೋಡ್ಬೇಕು" ಎಂದೆ.

ಮಾತಿನಲ್ಲಿ ನಾನು ಗೆದ್ದೆ. ಕರಿಬೇವಿನ ಗಿಡ ಮಾತ್ರ ಉಪ್ಪು ತಿಂದು ಸತ್ತಿತು. ಅಂದಿನಿಂದ ನಮ್ಮ ಮನೆಯ ಸಾರಿನ ಒಗ್ಗರಣೆಯಲ್ಲಿ ಏನಾದರೂ ಕಡಿಮೆಯೆನಿಸಿದರೆ ಜಯಂತಿ ಕಾರಿನ ಕಡೆ ಕೈ ತೋರಿಸುತ್ತಾಳೆ.

ಅರ್ಥಿಂಗ್ ಸರಿಯಾದರೂ ವೋಲ್ಟೇಜ್ ಇರಬೇಕಲ್ಲ? ಫೆಬ್ರವರಿ, ಮಾರ್ಚ್ ಎಂದರೆ ಸುತ್ತಲಿನ ಎಸ್ಟೇಟಿನವರೆಲ್ಲ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುವ ಕಾಲ. ಅವರ ಮೋಟರುಗಳು ಒಟ್ಟಿಗೆ ಎದ್ದರೆ ನಮ್ಮ ನಡುಮನೆಯ ಬಲ್ಬು ಹುರಿದ ಈರುಳ್ಳಿಯ ಬಣ್ಣಕ್ಕೆ ಬರುತ್ತದೆ. ನನ್ನ ದುರದೃಷ್ಟ ನೋಡಿ, ಆ ಮೋಟರುಗಳಲ್ಲಿ ಅರ್ಧ ನಾನೇ ರಿಪೇರಿ ಮಾಡಿಕೊಟ್ಟವು. ಪಂಪ್‌ಸೆಟ್ಟು, ಸ್ಪ್ರೇಯರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಯಾವುದೇ ಕೆಟ್ಟರೂ ಈ ಕಡೆಯವರು ನನ್ನ ವರ್ಕ್‌ಶಾಪಿಗೇ ಬರುವುದು. ನನ್ನ ಕೈಗುಣ ಚೆನ್ನಾಗಿದ್ದಷ್ಟೂ ನನ್ನ ಕಾರು ಉಪವಾಸ.

ಹಾಗಾದರೆ ಯಾಕೆ ತಗೊಂಡೆ ಎಂದು ನೀವು ಕೇಳಬಹುದು. ಜಯಂತಿ ದಿನಾ ಕೇಳುತ್ತಾಳೆ. ಹುಡುಗನಾಗಿದ್ದಾಗಿನಿಂದ ಬೇರೆಯವರ ಇಂಜಿನ್ನಿನೊಳಗೆ ತಲೆ ತೂರಿಸಿ ಬದುಕಿದವನಿಗೆ, ಒಂದು ವಯಸ್ಸಾದ ಮೇಲೆ ಇಂಜಿನ್ನೇ ಇಲ್ಲದ ಗಾಡಿಯೊಂದು ಬೇಕೆನಿಸಿತು, ಅಷ್ಟೆ. ಚಿಕ್ಕಮಗಳೂರಿನ ಡಾಕ್ಟರೊಬ್ಬರು ತಮ್ಮ ಸಣ್ಣ ಕಾರು ಕೊಡುತ್ತಾರೆಂದು ಗೊತ್ತಾಯಿತು. ಹೋದೆ, ನೋಡಿದೆ, ತಂದೆ. ಮೊದಲ ವಾರ ಅಭ್ಯಾಸಬಲದಿಂದ ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ನೋಡುತ್ತಿದ್ದೆ. ಬೀಗರ ಮನೆಯಲ್ಲಿ ತಪ್ಪಿ ಬೇರೆ ಯಾವುದೋ ಕೋಣೆಯ ಬಾಗಿಲು ತೆಗೆದವನ ಹಾಗೆ ಮತ್ತೆ ಮೆಲ್ಲಗೆ ಮುಚ್ಚುತ್ತಿದ್ದೆ.

ಕಾರು ನೋಡಲು ಬಂದವರಲ್ಲಿ ಮೊದಲಿಗರು ನನ್ನ ಭಾವ, ಎಂದರೆ ಜಯಂತಿಯ ಅಣ್ಣ, ಬಾಳೂರಿನ ಹೂವಪ್ಪ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಒಂದು ಹಳೇ ಡೀಸೆಲ್ ಜೀಪು, ಮತ್ತು ಎಲ್ಲಿಗೆ ಹೋದರೂ ಜೀಪಿನ ಹಿಂದಿನ ಸೀಟಿನ ಕೆಳಗೆ ಸುತ್ತಿಟ್ಟ ಒಂದು ದಪ್ಪನೆಯ ಹಗ್ಗ, ಇವು ಅವರ ಸಂಪತ್ತು. ಕಾರನ್ನು ಒಂದು ಸುತ್ತು ಹಾಕಿ, ಬಗ್ಗಿ ಕಿವಿಗೊಟ್ಟು ಕೇಳಿದರು.

"ಇದಕ್ಕೆ ಸದ್ದೇ ಇಲ್ವಲ್ಲ ಮಾರಾಯ. ಸತ್ತಿದ್ಯೋ ಬದುಕಿದ್ಯೋ ಹೇಗೆ ತಿಳಿಯೋದು?"

"ಓಡಿದ್ರೆ ಬದುಕಿದೆ ಅಂತ ಭಾವ."

"ನಿಂತ್ರೆ?"

"ನಿಲ್ಲೋದಿಲ್ಲ."

"ನಿಲ್ಲದಿದ್ರೆ ಒಳ್ಳೇದೇ. ನಿಂತ್ರೂ ಚಿಂತೆ ಬೇಡ. ಹಗ್ಗ ಜೀಪಲ್ಲೇ ಇದೆ."

ಈ ಹಗ್ಗದ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನನ್ನ ಮದುವೆಗೆ ಕಳಸದಿಂದ ಬಾಳೂರಿಗೆ ನಾನು ನನ್ನದೇ ಜೀಪಿನಲ್ಲಿ ದಿಬ್ಬಣ ಹೊರಟೆ. ಹಿಂದಿನ ದಿನವಿಡೀ ಕೂತು ಆ ಜೀಪನ್ನು ನಾನೇ ಬಿಚ್ಚಿ ಜೋಡಿಸಿದ್ದೆ. "ಮದುಮಗ ಮಸಿ ಮುಟ್ಟಬಾರದು" ಎಂದು ಅಮ್ಮ ಹೇಳಿದರೂ ಕೇಳಿರಲಿಲ್ಲ. ನನ್ನ ಮದುವೆಯ ಜೀಪಿಗೆ ಬೇರೆ ಮೆಕ್ಯಾನಿಕ್ ಕೈ ಹಾಕುವುದೆಂದರೆ ನನಗೆ ಅವಮಾನ. ಬಾಳೂರಿಗೆ ಇನ್ನು ಸ್ವಲ್ಪವೇ ದೂರ ಎನ್ನುವಾಗ ಜೀಪು ಏರಿನಲ್ಲಿ ನಿಂತಿತು. ನಾನು ಬಾಸಿಂಗ ಕಟ್ಟಿಕೊಂಡೇ ಬಾನೆಟ್ಟಿನೊಳಗೆ ಬಗ್ಗಿದೆ. ಬಾಸಿಂಗ ಫ್ಯಾನಿಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಹೆಣ್ಣಿನ ಕಡೆಯಿಂದ ಎದುರುಗೊಳ್ಳಲು ಬಂದವರು ಇದೇ ಹೂವಪ್ಪ ಭಾವ. ಅವರು ನಾನು ಕೇಳುವ ಮೊದಲೇ ತಮ್ಮ ಜೀಪಿನಿಂದ ಹಗ್ಗ ತೆಗೆದು ನನ್ನ ಜೀಪಿಗೆ ಕಟ್ಟಿದರು. ನನ್ನ ಜೀಪಿನ ಹಿಂದುಗಡೆ ಕೂತಿದ್ದ ವಾಲಗದವರಿಗೆ ಏನಾಯಿತೆಂದು ತಿಳಿಯಲಿಲ್ಲವೋ, ತಿಳಿದೇ ಹಾಗೆ ಮಾಡಿದರೋ, ಹಗ್ಗ ಬಿಗಿಯಾದ ಕೂಡಲೇ ಜೋರಾಗಿ ಊದಲು ಶುರುಮಾಡಿದರು. ಹೀಗೆ ವಾಲಗ ಸಮೇತ ನಾನು ಹೆಣ್ಣಿನ ಮನೆಯ ಅಂಗಳಕ್ಕೆ ಎಳೆಯಲ್ಪಟ್ಟೆ. ಕಿಟಕಿಯಿಂದ ನೋಡುತ್ತಿದ್ದ ಜಯಂತಿ ಈಗಲೂ ಹೇಳುತ್ತಾಳೆ: "ಮೊದಲು ಹಗ್ಗ ಕಂಡಿತು. ಆಮೇಲೆ ನೀವು."

ಅದರ ನಂತರ ಯಾವ ಮದುವೆಗೆ ಹೋಗಲಿ, ಯಾವ ತಿಥಿಗೆ ಹೋಗಲಿ, ಎಲೆ ಹಾಸಿ ಉಪ್ಪು ಬಡಿಸುವಷ್ಟರಲ್ಲಿ ಭಾವ ಶುರು ಮಾಡುತ್ತಾರೆ: "ಈ ಮದುಮಗನ್ನ ನಾನು ಹಗ್ಗ ಕಟ್ಟಿ ಎಳ್ಕೊಂಡು ಬಂದೆ ಮಾರಾಯ್ರೆ." ಪಾಯಸ ಬರುವ ಹೊತ್ತಿಗೆ ಕಥೆಯಲ್ಲಿ ಬಾಸಿಂಗ ಫ್ಯಾನಿಗೆ ಸಿಗುತ್ತದೆ. ಕೇಳಿದವರೇ ಕೇಳಿ ನಗುತ್ತಾರೆ. ನಾನು ಹೋಟೆಲಿನಲ್ಲಿ ಒಂದು ಕಾಫಿಯನ್ನೂ ಇನ್ನೊಬ್ಬರ ದುಡ್ಡಿನಲ್ಲಿ ಕುಡಿದವನಲ್ಲ; ನಟ್ಟು ಬಿಚ್ಚುವ ಒಂದು ಪಾನಾವನ್ನೂ ಪಕ್ಕದ ಅಂಗಡಿಯಿಂದ ಕೇಳಿ ತಂದವನಲ್ಲ. ಅಂಥವನಿಗೆ ಊರಲ್ಲಿ ಉಳಿದ ಹೆಸರು ಹಗ್ಗದ ಅಳಿಯ. ಆದ್ದರಿಂದ ಭಾವ "ಹಗ್ಗ ಜೀಪಲ್ಲೇ ಇದೆ" ಎಂದ ದಿನವೇ ನಾನು ನಿಶ್ಚಯ ಮಾಡಿದೆ: ಏನೇ ಆಗಲಿ, ಈ ಜನ್ಮದಲ್ಲಿ ಆ ಮನುಷ್ಯನಿಗೆ ಎರಡನೇ ಹಗ್ಗದ ಕಥೆ ಕೊಡಬಾರದು.

ಹಾಗೆ ನಿಶ್ಚಯ ಮಾಡಿದ ಮೇಲೆ ಕಾರಿನ ಒಂದೊಂದು ಅಂಕಿ ಚಾರ್ಜೂ ನನಗೆ ಜೀವ. ಉಳಿಸುವ ವಿದ್ಯೆ ನನಗೆ ಹೊಸದೇನಲ್ಲ. ಶಾಲೆ ಬಿಟ್ಟ ವರ್ಷ ನನ್ನನ್ನು ಕ್ಲೀನರ್ ಆಗಿ ಇಟ್ಟುಕೊಂಡ ಡ್ರೈವರ್ ತಿಮ್ಮಣ್ಣ ನನಗೆ ಕಲಿಸಿದ ಮೊದಲ ಪಾಠವೇ ಅದು. ಏರಿನ ತುದಿ ಮುಟ್ಟಿದ ಕೂಡಲೇ ಇಂಜಿನ್ ಆಫ್ ಮಾಡಿ, ಗೇರು ತೆಗೆದು ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ಕೂರುವುದು. ಜೀಪು ತಾನೇ ಇಳಿಯುತ್ತದೆ. "ದೇವರು ಇಳಿಜಾರು ಕೊಟ್ಟಿದ್ದು ಎಂತಕ್ಕೆ ಹುಡ್ಗ? ಸಾಹುಕಾರ್ರ ಡೀಸೆಲ್ ಸುಡೋಕಾ?" ಎನ್ನುತ್ತಿದ್ದ. ಹಾಗೆ ಇಳಿಯುವಾಗ ಇಂಜಿನ್ನಿನ ಸದ್ದು ನಿಂತು, ಟಾರ್ಪಾಲು ಪಟಪಟ ಬಡಿಯುವುದು, ಹಿಂದೆ ಕೂತ ಹೆಂಗಸರ ಬುತ್ತಿ ಪಾತ್ರೆ ಕಿಣಿಕಿಣಿ ಎನ್ನುವುದು, ಕಾಡಿನ ಜೀರುಂಡೆ ಎಲ್ಲ ಕೇಳುತ್ತಿತ್ತು. ಜೀಪಿನವರಲ್ಲಿ ಅದರದೇ ಪಂದ್ಯ ಇತ್ತು, ಒಂದೇ ಏರಿನಿಂದ ಬಿಟ್ಟರೆ ಯಾರ ಜೀಪು ಹೆಚ್ಚು ದೂರ ಉರುಳುತ್ತದೆ ಎಂದು. ತಿಮ್ಮಣ್ಣ ಕೊನೆಕೊನೆಗೆ ಸೀಟಿನಲ್ಲಿ ಮುಂದಕ್ಕೆ ಮುಂದಕ್ಕೆ ತೂಗಿ ಜೀಪನ್ನು ಇನ್ನೊಂದು ಗಜ ನೂಕುತ್ತಿದ್ದ. ನಾನೂ ಜೊತೆಗೆ ತೂಗುತ್ತಿದ್ದೆ. ನಮ್ಮ ಜೀಪು ಸೋತದ್ದು ಕಡಿಮೆ. ಘಾಟಿಯಲ್ಲಿ ಹಾಗೆ ಇಳಿಯುವುದು ಎಷ್ಟು ಅಪಾಯ ಎಂದು ನಮಗೆ ಹೇಳುವವರಾಗಲಿ, ಹೇಳಿದರೆ ಕೇಳುವವರಾಗಲಿ ಇರಲಿಲ್ಲ.

ಡಾಕ್ಟರ ಕಾರಿನಲ್ಲಿ ನಾನು ಕಂಡ ಮೊದಲ ದೋಷವೇ ಇಳಿಜಾರಿನದು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಯಾರೋ ಹಿಂದಿನಿಂದ ಪಂಚೆ ಹಿಡಿದು ಎಳೆದ ಹಾಗೆ ಕಾರು ನಿಧಾನವಾಗುತ್ತಿತ್ತು. ಬ್ರೇಕು ಎಲ್ಲೋ ಹಿಡಿಯುತ್ತಿದೆ ಎಂದುಕೊಂಡೆ. ನಾಲ್ಕೂ ಚಕ್ರ ಬಿಚ್ಚಿ ನೋಡಿದೆ, ಏನೂ ಇಲ್ಲ. ಆದರೆ ಈ ಕಾರಿಗೂ ನ್ಯೂಟ್ರಲ್ ಇತ್ತಲ್ಲ! ಇಳಿಜಾರು ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕಿದೆ. ಕಾರು ಬೆಣ್ಣೆಯ ಹಾಗೆ ಜಾರಿತು. ತಿಮ್ಮಣ್ಣ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ. ಅಷ್ಟೆಲ್ಲ ಜಾಣತನ ಮಾಡಿದರೂ ಡಾಕ್ಟರು ಹೇಳಿದ್ದ ನೂರಿಪ್ಪತ್ತು ಕಿಲೋಮೀಟರು ಒಂದು ದಿನವೂ ಬರಲಿಲ್ಲ. ನೂರು ಬಂದರೆ ಪುಣ್ಯ. ಡಾಕ್ಟರು ರೋಗಿಗಳಿಗೆ ಹೇಳಿ ಅಭ್ಯಾಸವಾದ ಧೈರ್ಯವನ್ನೇ ನನಗೂ ಹೇಳಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ.

ಹೀಗಿರುವಾಗ ಭಾವನ ಮೊಮ್ಮಗಳ ನಾಮಕರಣ ಬಂತು. ತೊಟ್ಟಿಲು ನಮ್ಮ ಲೆಕ್ಕದ್ದು ಎಂದು ಜಯಂತಿ ಮೊದಲೇ ಹೇಳಿಬಿಟ್ಟಿದ್ದಳು. ಮೂಡಿಗೆರೆಯ ಬಡಗಿಯೊಬ್ಬರಿಗೆ ಹೇಳಿ ಬೀಟೆ ಮರದಲ್ಲಿ ಮಾಡಿಸಿದ್ದಳು. ಅವರು ತಯಾರು ಎಂದದ್ದು ನಾಮಕರಣದ ದಿನ ಬೆಳಿಗ್ಗೆಗೆ. ಮಧ್ಯಾಹ್ನ ಹನ್ನೆರಡೂವರೆಗೆ ಮುಹೂರ್ತ. ಭಾವ ಫೋನ್ ಮಾಡಿದರು.

"ಮೂಡಿಗೆರೆಗೆ ನಾನೇ ಜೀಪು ತಗೊಂಡು ಹೋಗ್ಲಾ?"

"ಬೇಡ ಭಾವ. ಕಾರಲ್ಲೇ ತರ್ತೀನಿ."

"ತೊಟ್ಟಿಲು ಬರದಿದ್ರೆ ಮಗುನ ಎಲ್ಲಿ ಮಲಗಿಸೋದು, ನಿನ್ನ ಬಾನೆಟ್ಟಲ್ಲಾ? ಹೇಗೂ ಖಾಲಿ ಅಂತಲ್ಲ."

ಫೋನು ಇಟ್ಟೆ. ಸಾಯಂಕಾಲ ಎರಡು ಕೊಡಪಾನ ನೀರು ಹಾಕಿದೆ.

ಬೆಳಿಗ್ಗೆ ಎದ್ದು ನೋಡಿದರೆ ಸ್ಪ್ರಿಂಕ್ಲರ್ ಪುಣ್ಯಾತ್ಮರಿಂದಾಗಿ ಚಾರ್ಜು ಪೂರ್ತಿ ಆಗಿರಲಿಲ್ಲ. ಆದರೂ ಹೊರಟೆವು. ಮೂಡಿಗೆರೆಯಲ್ಲಿ ಒಂದು ಲಾಡ್ಜಿನ ಅಂಗಳದಲ್ಲಿ ಚಾರ್ಜರ್ ಇದೆ. ಬಡಗಿ ತೊಟ್ಟಿಲಿಗೆ ಕೊನೆಯ ಪಾಲಿಶ್ ಹೊಡೆಯುವಷ್ಟರಲ್ಲಿ ಅಲ್ಲಿ ತುಂಬಿಸಿಕೊಳ್ಳುವುದು ನನ್ನ ಯೋಜನೆ. ನಮಗಿಂತ ಮೊದಲೇ ಬೆಂಗಳೂರು ಕಡೆಯವರೊಬ್ಬರು, ಚಡ್ಡಿ ಹಾಕಿಕೊಂಡವರು, ಒಂದು ದೊಡ್ಡ ಕಾರನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲಿ ನಿಂತಿದ್ದರು. ಸಕ್ಕರೆ ಕಾಯಿಲೆಯವರು ಒಬ್ಬರಿಗೊಬ್ಬರು ಸಿಕ್ಕರೆ ಶುಗರ್ ಎಷ್ಟು ಎಂದು ಕೇಳುವ ಹಾಗೆ, ಎಲೆಕ್ಟ್ರಿಕ್ ಕಾರಿನವರು ಸಿಕ್ಕರೆ ಕೇಳುವುದು ಒಂದೇ.

"ಎಷ್ಟು ಬರುತ್ತೆ ನಿಮ್ದು?"

"ನೂರೈವತ್ತು" ಎಂದೆ. "ನಿಮ್ದು?"

"ಐನೂರು."

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೇಬಲ್ಲನ್ನೇ ನೋಡಿದೆವು. ಅವರದು ಮುಗಿದು ನನ್ನ ಸರದಿ ಬಂದು, ಮೊಬೈಲಿನಲ್ಲಿ ಒತ್ತಬೇಕಾದ್ದನ್ನೆಲ್ಲ ಒತ್ತಿ, ಕಾರು ಕುಡಿಯಲು ಶುರುಮಾಡಿ ಸ್ವಲ್ಪ ಹೊತ್ತಾಗಿತ್ತು. ಮೂಡಿಗೆರೆಗೇ ಕರೆಂಟು ಹೋಯಿತು. "ಲೈನ್ ಕೆಲಸ. ಸಾಯಂಕಾಲ ಬರ್ತದೆ" ಎಂದರು ಲಾಡ್ಜಿನವರು, ಬಸ್ಸಿನ ಸಮಯ ಹೇಳುವ ಹಾಗೆ.

ತೊಟ್ಟಿಲನ್ನು ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಹೊರಟೆವು. ಎಲ್ಲ ಇಳಿಜಾರಿನಲ್ಲೂ ನ್ಯೂಟ್ರಲ್. ಆದರೂ ಕೊಟ್ಟಿಗೆಹಾರ ಮುಟ್ಟುವಾಗ ಉಳಿದ ಚಾರ್ಜು ಬಾಳೂರಿಗೆ ಸಾಲುವ ಹಾಗಿರಲಿಲ್ಲ. ಅಲ್ಲಿ ಶಾರದಕ್ಕನ ಹೋಟೆಲು. ಅವರ ಗ್ರೈಂಡರು ನಾನೇ ನೋಡಿಕೊಳ್ಳುವುದು. ಅದರ ಪ್ಲಗ್ಗು ದಪ್ಪನೆಯದು, ನನ್ನ ಕಾರಿಗೆ ಸರಿಹೋಗುವಂಥದು ಎಂದು ಗೊತ್ತಿತ್ತು. ಕೇಳುವುದು ನನಗೆ ಒಗ್ಗದ ಕೆಲಸ. ಜಯಂತಿಯೇ ಕೇಳಿದಳು.

"ಅದಕ್ಕೆಂತ, ಹಾಕಿ. ಆದ್ರೆ ಒಂದು ಮಾತು ಲೋಕಣ್ಣ," ಎಂದರು ಶಾರದಕ್ಕ, "ಹಿಟ್ಟು ಮುಗಿದ್ರೆ ನಾನು ಪ್ಲಗ್ಗು ತೆಗೀತೀನಿ. ರುಬ್ಬಬೇಕಲ್ಲ. ನೀರುದೋಸೆ ಹಿಟ್ಟು ಇಟ್ಕೊಂಡು ಹುಯ್ಯೋದಲ್ಲ, ರುಬ್ಬಿದ ಹಾಗೆ ಹುಯ್ಯೋದು."

ಅಂದರೆ ಲೆಕ್ಕ ಸರಳ. ಪಾತ್ರೆಯಲ್ಲಿ ಹಿಟ್ಟು ಇರುವವರೆಗೆ ನನ್ನ ಕಾರಿಗೆ ಊಟ. ಜನ ದೋಸೆ ತಿಂದಷ್ಟೂ ನಾನು ಹಗ್ಗಕ್ಕೆ ಹತ್ತಿರ. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತೆ. ಧರ್ಮಸ್ಥಳದ ಕಡೆ ಹೋಗುವ ಒಂದು ಕುಟುಂಬ ಇಳಿದು ಬಂತು.

"ದೋಸೆ ಇದೆಯಾ?"

"ಬನ್ಸ್ ಇವತ್ತು ಬಹಳ ಚೆನ್ನಾಗಿ ಬಂದಿದೆ" ಎಂದೆ.

"ನಮಗೆ ದೋಸೆ..."

"ಘಾಟಿ ಇಳಿಯೋರು ದೋಸೆ ತಿನ್ನಬಾರ್ದು ಸ್ವಾಮಿ. ತಿರುವು ಜಾಸ್ತಿ. ದೋಸೆ ನೀರು ನೀರು ನೋಡಿ, ಹೊಟ್ಟೇಲಿ ಅಲ್ಲಾಡ್ತದೆ. ಬನ್ಸ್ ಆದ್ರೆ ಗಟ್ಟಿ ಕೂರುತ್ತೆ."

ಅವರು ಬನ್ಸ್ ತಿಂದರು. ಮುಂದೆ ಬಂದ ಇಬ್ಬರು ಲಾರಿಯವರಿಗೂ ಅದನ್ನೇ ಹೇಳಿದೆ, ಅವರೂ ಅನುಮಾನದಿಂದಲೇ ಬನ್ಸ್ ತಿಂದರು. ಮೂರನೆಯ ಸಲ ಶಾರದಕ್ಕ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದರು.

"ಲೋಕಣ್ಣ, ನನ್ನ ಬೋರ್ಡಲ್ಲಿ ಎಂತ ಬರ್ದಿದೆ ಓದಿ."

"ನೀರುದೋಸೆ."

"ಏಳನೇ ಕ್ಲಾಸು ಅಷ್ಟಕ್ಕೆ ಸಾಕಲ್ಲ? ಇನ್ನೊಬ್ಬರಿಗೆ ಬನ್ಸ್ ಅಂದ್ರೆ ಈಗ್ಲೇ ಪ್ಲಗ್ಗು ಕೀಳ್ತೀನಿ."

ಅಷ್ಟರಲ್ಲಿ ಒಂದು ಟೆಂಪೋ ಬಂದು ನಿಂತಿತು. ತುಂಬ ಕಾಲೇಜು ಹುಡುಗಿಯರು. ಎಲ್ಲರಿಗೂ ದೋಸೆ. ಶಾರದಕ್ಕ ನನ್ನ ಕಡೆ ನೋಡಿ, ಸುಮ್ಮನೆ ಗ್ರೈಂಡರಿನ ಕಡೆ ತಿರುಗಿದರು. ನಾನೇ ಎದ್ದು ಪ್ಲಗ್ಗು ಕಿತ್ತೆ. ಅಷ್ಟು ಮಾನ ನನಗಿದೆ.

ಕೊಟ್ಟಿಗೆಹಾರದಿಂದ ಬಾಳೂರಿಗೆ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇಳಿದಲ್ಲೆಲ್ಲ ನಾನು ನ್ಯೂಟ್ರಲ್‌ಗೆ ಹಾಕಿ, ಕಿಟಕಿ ಮುಚ್ಚಿಸಿ, ಜಯಂತಿಗೆ ಫೋನನ್ನೂ ಆಫ್ ಮಾಡು ಎಂದೆ.

"ನನ್ನ ಫೋನಿಗೂ ಕಾರಿಗೂ ಎಂತ ಸಂಬಂಧ?"

"ಒಟ್ಟು ಕರೆಂಟು ಉಳಿದ್ರೆ ಸಾಕು."

"ಉಸಿರಾಡ್ಬಹುದಾ?"

ಭಾವನ ಮನೆಗೆ ಇನ್ನು ಎರಡು ಮೂರು ಕಿಲೋಮೀಟರ್ ಇರಬೇಕು, ಒಂದು ಉದ್ದನೆಯ ಏರು. ಮೀಟರಿನ ಪಕ್ಕದಲ್ಲಿ ಒಂದು ಸಣ್ಣ ಚಿತ್ರ ಹತ್ತಿತು. ಆಮೆ. ಹೌದು, ಆಮೆಯೇ. ಚಾರ್ಜು ಮುಗಿಯುತ್ತ ಬಂದರೆ ಈ ಕಾರು ಆಮೆ ತೋರಿಸುತ್ತದೆ, ಇನ್ನು ನಾನು ಹೀಗೆಯೇ ನಡೆಯುವುದು ಎಂದು. ನಾನು ಸೀಟಿನಲ್ಲಿ ಮುಂದಕ್ಕೆ ತೂಗತೊಡಗಿದೆ. ಜಯಂತಿ ನನ್ನನ್ನು ನೋಡಿ, ನಿಟ್ಟುಸಿರು ಬಿಟ್ಟು, ಅವಳೂ ತೂಗಿದಳು. ನೆತ್ತಿಯ ಮೇಲೆ ತೊಟ್ಟಿಲೂ ತೂಗಿತು. ಕಾರು ಮಾತ್ರ ಒಂದು ಕಿರಿದಾದ ತಿರುವಿನಲ್ಲಿ, ರಸ್ತೆಯ ಸರೀ ಮಧ್ಯದಲ್ಲಿ, ಇನ್ನು ಆಗುವುದಿಲ್ಲ ಎಂದು ನಿಂತಿತು.

"ಫೋನ್ ಆನ್ ಮಾಡ್ಲಾ?" ಎಂದಳು ಜಯಂತಿ.

"ಬೇಡ. ಐದು ನಿಮಿಷ ಬಿಟ್ರೆ ಸ್ವಲ್ಪ ಚೇತರಿಸಿಕೊಳ್ತದೆ."

"ಅದೇನು ಕರು ಹಾಕಿದ ಹಸುನಾ?" ಎಂದು ಫೋನ್ ಹಚ್ಚಿಯೇಬಿಟ್ಟಳು. "ಅಣ್ಣಾ, ಕಾರು ನಿಂತಿದೆ..."

ಏನಾಗಿದೆ, ಎಲ್ಲಿದ್ದೀರಿ, ಏನೂ ಕೇಳಲಿಲ್ಲ ಭಾವ. ಫೋನಿನ ಹೊರಗೂ ಕೇಳುವಷ್ಟು ಜೋರಾಗಿ ಒಂದೇ ಮಾತು: "ಹಗ್ಗ ತಂದೆ!"

ರೇಷ್ಮೆ ಪಂಚೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡೇ ಬಂದರು. ಮುಖ ಮದುವಣಿಗನ ಮುಖದ ಹಾಗೆ ಹೊಳೆಯುತ್ತಿತ್ತು. ನಾನು ಕೊನೆಯ ಪ್ರಯತ್ನ ಮಾಡಿದೆ.

"ಭಾವ, ತೊಟ್ಟಿಲು ಮಾತ್ರ ಜೀಪಿಗೆ ಹಾಕ್ಕೊಳ್ಳಿ. ಈ ಕಾರನ್ನ ಹಗ್ಗ ಕಟ್ಟಿ ಎಳೀಬಾರ್ದು, ಲಾರಿ ಮೇಲೆ ಹತ್ತಿಸ್ಬೇಕು ಅಂತ ಡಾಕ್ಟರ್ ಹೇಳಿದಾರೆ."

"ಡಾಕ್ಟರ್ರು ಹೇಳ್ತಾರೆ. ಹಿಂದೆ ನೋಡು, ಬಸ್ಸಿನವನು ಎಂತ ಹೇಳ್ತಿದಾನೆ."

ಹಿಂದೆ ಕಳಸದ ಬಸ್ಸು ಬಂದು ನಿಂತು ಹಾರನ್ ಒತ್ತುತ್ತಿತ್ತು. ಕಿಟಕಿಗೊಂದು ತಲೆ, ತಲೆಗೊಂದು ಮೊಬೈಲು. "ಲೋಕಣ್ಣ, ಚಾರ್ಜು ಮುಗೀತಾ?" ಎಂದು ನನ್ನದೇ ಗಿರಾಕಿಯೊಬ್ಬರು ಕೂಗಿದರು. ನನ್ನ ಮದುವೆಯ ಕಾಲದಲ್ಲಿ ಒಂದು ಪುಣ್ಯವಿತ್ತು, ಯಾರ ಕೈಯಲ್ಲೂ ಕ್ಯಾಮೆರಾ ಇರಲಿಲ್ಲ.

"ಮೆಲ್ಲಗೆ ಹೋಗ್ತೀನಿ, ನಿನ್ ಕಾರಿಗೆ ನೋವಾಗದ ಹಾಗೆ" ಎಂದು ಭಾವ ಹಗ್ಗ ಕಟ್ಟಿದರು. ಎರಡು ಗಂಟು ಸಾಲದೆ ಸಂತೋಷಕ್ಕೆ ಮೂರನೆಯದನ್ನೂ ಹಾಕಿದರು.

ನಾನು ಒಂದು ಷರತ್ತು ಹಾಕಿದೆ. ಆ ಹಗ್ಗದ ಹಿಂದೆ ನಾನು ಇನ್ನೊಮ್ಮೆ ಕೂರುವುದಿಲ್ಲ. ಕಾರಿನ ಸ್ಟೇರಿಂಗ್ ಜಯಂತಿ ಹಿಡಿಯಲಿ. ಅವಳು ಡ್ರೈವಿಂಗ್ ಕಲಿತದ್ದೇ ಈ ಕಾರಿನಲ್ಲಿ; ನೆಟ್ಟಗೆ ಓಡಿಸುತ್ತಾಳೆ. ನಾನು ತೊಟ್ಟಿಲು ಇಳಿಸಿಕೊಂಡು ಜೀಪಿನಲ್ಲಿ ಭಾವನ ಪಕ್ಕ ಕೂತೆ, ತೊಡೆಯ ಮೇಲೆ ತೊಟ್ಟಿಲು ಇಟ್ಟುಕೊಂಡು, ಎಳೆಯಲ್ಪಡುವವನಲ್ಲ, ಎಳೆಯುವವರ ಕಡೆಯವನು ಎಂಬ ಹಾಗೆ.

ಜೀಪು ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಪ್ಪು ಹೊಗೆ ಕಾರತೊಡಗಿತು. ಭಾವ ಗೇರು ಇಳಿಸಿದರು, ಮತ್ತೂ ಇಳಿಸಿದರು.

"ಎಂತ ಮಾರಾಯ, ಕಾರಲ್ಲಿ ಕಲ್ಲು ತುಂಬಿದೀಯಾ? ಉಳುಮೆ ಮಾಡಿದ ಹಾಗಾಗ್ತಿದೆ."

ನಾನು ಹಿಂದಕ್ಕೆ ಬಗ್ಗಿ ಕೂಗಿದೆ. "ಹ್ಯಾಂಡ್‌ಬ್ರೇಕ್ ತೆಗಿಯೇ!"

"ತೆಗ್ದಾಗಿದೆ!"

"ಗೇರು ಎಲ್ಲಿದೆ?"

"ಎಲ್ಲಿತ್ತೋ ಅಲ್ಲೇ ಇದೆ! ನಂಗೆ ಯಾರೂ ಮುಟ್ಟು ಅಂದಿಲ್ಲ!"

ನ್ಯೂಟ್ರಲ್‌ಗೆ ಹಾಕು ಎಂದು ನಾನು ಕೂಗಿದ್ದು ಬಸ್ಸಿನ ಹಾರನ್ನಿನಲ್ಲಿ ಮುಳುಗಿತು. ಹೀಗೆ ಮುಹೂರ್ತಕ್ಕೆ ಸರಿಯಾಗಿ ನಾವು ಅಂಗಳ ಮುಟ್ಟಿದೆವು: ಮುಂದೆ ಏದುಸಿರು ಬಿಡುವ ಜೀಪು, ಅದರಲ್ಲಿ ತೊಟ್ಟಿಲು ತಬ್ಬಿಕೊಂಡ ನಾನು, ಹಿಂದೆ ಹಗ್ಗದಲ್ಲಿ ಜಯಂತಿ, ಅದರ ಹಿಂದೆ ದಾರಿಯುದ್ದಕ್ಕೂ ಹಾರನ್ ಹೊಡೆಯುತ್ತ ಬಂದ ಬಸ್ಸು. ನೆಂಟರೆಲ್ಲ ಚಪ್ಪರದ ಅಂಚಿಗೆ ಬಂದು ಸಾಲಾಗಿ ನಿಂತಿದ್ದರು. ಜಯಂತಿ ಕಿಟಕಿಯಿಂದ ತಲೆ ಹಾಕಿ ಕರೆದಳು.

"ರೀ, ಇಲ್ಲಿ ಬನ್ನಿ. ಆಮೆ ಹೋಯ್ತು."

"ಎಲ್ಲಿಗೆ?"

"ನಂಗೇನು ಗೊತ್ತು? ಚಾರ್ಜು ಎರಡು ಇದ್ದದ್ದು ಒಂಬತ್ತು ಆಗಿದೆ."

ನಾನು ನೋಡಿದೆ. ಭಾವ ನೋಡಿದರು. ಒಂಬತ್ತು. ನನ್ನ ತಲೆಯೊಳಗೆ ಎಲ್ಲೋ ಒಂದು ಚಕ್ರ ನಿಧಾನವಾಗಿ ತಿರುಗಿತು. ಹಳ್ಳದ ನೀರಿಗೆ ಡೈನಮೋ ಕಟ್ಟಿ ಎಷ್ಟು ಮನೆಗೆ ದೀಪ ಹಾಕಿಕೊಟ್ಟಿದ್ದೇನೆ ನಾನು! ಚಕ್ರವನ್ನು ನೀರು ತಿರುಗಿಸಿದರೇನು, ಇಳಿಜಾರು ತಿರುಗಿಸಿದರೇನು, ಭಾವನ ಜೀಪು ತಿರುಗಿಸಿದರೇನು? ಗೇರಿನಲ್ಲಿದ್ದರೆ ಮೋಟರೇ ಡೈನಮೋ. ಕಾಲು ತೆಗೆದಾಗ ಹಿಂದಿನಿಂದ ಪಂಚೆ ಹಿಡಿದು ಎಳೆದದ್ದು ಬ್ರೇಕಿನ ದೋಷವಲ್ಲ, ಕಾರು ನನ್ನ ಇಳಿಜಾರನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದದ್ದು. ನಾನು ಪ್ರತಿ ಸಲವೂ ನ್ಯೂಟ್ರಲ್ ಹೊಡೆದು ಆ ಚೀಲದ ಬಾಯಿ ಕಟ್ಟಿದ್ದೆ. ಕಳಸ, ಬಾಳೂರು, ಮೂಡಿಗೆರೆಯ ಎಲ್ಲ ಇಳಿಜಾರುಗಳನ್ನೂ ಮಹಾ ಜಾಣತನದಿಂದ ಗಾಳಿಗೆ ತೂರಿದ್ದೆ.

ಭಾವನಿಗೂ ಅಷ್ಟರಲ್ಲಿ ಅರ್ಥವಾಯಿತು.

"ಅಂದ್ರೆ ನನ್ನ ಡೀಸೆಲ್ಲು ನಿನ್ನ ಕಾರಿನ ಹೊಟ್ಟೆಗೆ ಹೋಯ್ತಾ?"

ನಾನು ಬಗ್ಗಿ ಹಗ್ಗ ಬಿಚ್ಚತೊಡಗಿದೆ.

"ಬರೀ ಎಳ್ಕೊಂಡು ಬಂದಿದ್ದಲ್ಲ," ಎಂದು ಭಾವ ಚಪ್ಪರದ ಕಡೆ ತಿರುಗಿ ಎರಡೂ ಕೈ ಎತ್ತಿದರು, "ದಾರೀಲಿ ಊಟಾನೂ ಹಾಕ್ಕೊಂಡು ಬಂದೆ ಮಾರಾಯ್ರೆ!"

ಆ ನಗುವಿಗೆ ಹೊಸ ತೊಟ್ಟಿಲಲ್ಲಿ ಮಲಗಿಸಿದ ಮಗು ಬೆಚ್ಚಿ ಅತ್ತಿತು. ಅದಕ್ಕೆ ಏನು ಹೆಸರಿಟ್ಟರೆಂದು ಅರ್ಧ ಜನರಿಗೆ ಕೇಳಿಸಲಿಲ್ಲ. ಕಾರಿನ ಕಥೆ ಎಲ್ಲರಿಗೂ ಕೇಳಿಸಿತು. ಪಾಯಸದ ಹೊತ್ತಿಗೆ ಹಳೆಯ ಹಗ್ಗ, ಹೊಸ ಹಗ್ಗ ಎರಡೂ ಸೇರಿ ಒಂದೇ ಕಥೆಯಾಗಿತ್ತು. ನನ್ನ ಬಾಸಿಂಗವೂ ಆಮೆಯೂ ಜೊತೆಜೊತೆಯಾಗಿ ಫ್ಯಾನಿಗೆ ಸಿಕ್ಕಿದ್ದವು.

ಊಟವಾದ ಮೇಲೆ ನಾನು ಯಾರಿಗೂ ಕಾಣದ ಹಾಗೆ ಕಾರಿನ ಹತ್ತಿರ ಹೋದೆ. ಒಂಬತ್ತರಲ್ಲಿ ಕಳಸ ಮುಟ್ಟುವುದು ಹೇಗೆ ಎಂದು ಯೋಚಿಸಬೇಕಿತ್ತು. ನೋಡಿದರೆ ಕಾರಿಗೆ ಕೇಬಲ್ ಸಿಕ್ಕಿಸಿದೆ. ಭಾವ ರೇಷ್ಮೆ ಪಂಚೆಯನ್ನು ಮಂಡಿಯ ಮೇಲೆ ಎತ್ತಿ ಕಟ್ಟಿ, ಜಗಲಿಯ ಗೋಡೆಯ ಪಕ್ಕದ ಅರ್ಥಿಂಗ್ ಗುಂಡಿಗೆ ಬಿಂದಿಗೆಯಿಂದ ನೀರು ಹುಯ್ಯುತ್ತಿದ್ದಾರೆ.

"ಕೆಂಪು ದೀಪ ಬಂತು. ಜಯಂತಿ ಹೇಳಿದ್ಲು, ಹೀಗೆ ಮಾಡ್ಬೇಕಂತೆ" ಎಂದರು.

"ನಾನು ಕೇಳ್ಲಿಲ್ವಲ್ಲ ಭಾವ."

"ನೀನು ಯಾವತ್ತು ಕೇಳಿದ್ದು? ಮದುವೆ ದಿನ ಕೇಳಿದ್ಯಾ? ಬಾಸಿಂಗ ಹರ್ಕೊಂಡು ನಿಂತಿದ್ದೆ, ಬಾಯಿ ಬಿಟ್ಟು ಹಗ್ಗ ಕಟ್ಟಿ ಅಂದ್ಯಾ? ಕೇಳೋಕೆ ನಿಂಗೆ ನಾಚಿಕೆ, ಸರಿ. ಕೊಡೋಕೆ ನಂಗೆಂತ ನಾಚಿಕೆ? ಉಪ್ಪು ಹಾಕ್ಬೇಕಾ ಇದಕ್ಕೆ?"

"ಒಂದು ಹಿಡಿ" ಎಂದೆ. ಅಷ್ಟು ವರ್ಷಗಳಲ್ಲಿ ನಾನು ಅವರ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ, ಒಂದು ಹಿಡಿ ಉಪ್ಪು. ದೀಪ ಹಸಿರಾಯಿತು. ಇಬ್ಬರೂ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಹಾಲು ಕುಡಿಯುವ ಕರುವನ್ನು ನೋಡುವವರ ಹಾಗೆ ಕಾರನ್ನು ನೋಡಿದೆವು.

ಬಿಸಿಲು ಇಳಿದ ಮೇಲೆ ಹೊರಟೆವು. ಮೊದಲ ಇಳಿಜಾರಿನಲ್ಲೇ ನನ್ನ ಕೈ ತಾನಾಗಿ ನ್ಯೂಟ್ರಲ್ ಕಡೆ ಹೋಯಿತು. ಜಯಂತಿ ಫಟ್ಟನೆ ಹೊಡೆದಳು. ಕೈ ತೆಗೆದೆ. ಕಾರು ಹಿಂದಕ್ಕೆ ಹಿಡಿದುಕೊಂಡು, ಗರ್ಭಿಣಿ ನಡೆಯುವ ಹಾಗೆ ಜೋಪಾನವಾಗಿ ಇಳಿಯಿತು. ಘಟ್ಟ ಇಳಿದು ಮುಗಿಯುವಾಗ ಚಾರ್ಜು ಎರಡು ಅಂಕಿ ಹೆಚ್ಚೇ ಆಗಿತ್ತು. ಜಯಂತಿ ಆ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆ ಬೆರಳು ಕಳಸದವರೆಗೂ ಅಲ್ಲಿಂದ ಕದಲಲಿಲ್ಲ. ಡಾಕ್ಟರು ಹೇಳಿದ್ದ ನೂರಿಪ್ಪತ್ತೂ ಆ ವಾರದಿಂದಲೇ ಬರತೊಡಗಿತು. ಅವರನ್ನು ಮನಸ್ಸಿನಲ್ಲೇ ಸುಳ್ಳುಗಾರ ಎಂದು ಬೈದಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದ್ದೇನೆ. ಬಾಯಿಬಿಟ್ಟು ಕೇಳುವ ಅಭ್ಯಾಸ ಇನ್ನೂ ಪೂರ್ತಿ ಬಂದಿಲ್ಲ.

ಯಾವುದಾದರೂ ಮದುವೆ ಮನೆಯಲ್ಲಿ ಹೂವಪ್ಪ ಭಾವ ನಿಮ್ಮ ಪಕ್ಕದ ಎಲೆಗೆ ಕೂರಬಹುದು. ಉಪ್ಪು ಬಡಿಸುವಷ್ಟರಲ್ಲಿ ಅವರು ಶುರು ಮಾಡುವ ಮೊದಲು ನಾನೇ ಹೇಳಿಬಿಟ್ಟರೆ ಮಾನ ಒಂದು ಕೂದಲೆಳೆಯಷ್ಟಾದರೂ ಉಳಿದೀತು ಎಂದು ಇಷ್ಟೆಲ್ಲ ಬರೆದೆ. ಈಗ ನನ್ನ ಹತ್ತಿರ ಇರುವುದು ಇಷ್ಟು: ವರ್ಕ್‌ಶಾಪು ಒಂದು. ಇಂಜಿನ್ನಿಲ್ಲದ ಕಾರು ಒಂದು. ಅದನ್ನು ನನಗಿಂತ ಚೆನ್ನಾಗಿ ಓಡಿಸುವ ಹೆಂಡತಿ ಒಬ್ಬಳು. ಕೇಳದೆ ಪ್ಲಗ್ಗು ಕೊಡುವ ಮನೆ ಒಂದು, ಕೇಳಿದರೆ ಕೊಡುವ ಹೋಟೆಲು ಒಂದು. ಭಾವ ಒಬ್ಬರು. ಹಗ್ಗದ ಕಥೆ, ಎರಡು.